ಮೇಷ್ಟ್ರು ಹೇಳಿದ ಲ್ಯಾಪ್‌ಟಾಪು

ನಮ್ಮ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು ಹೋದ ತಿಂಗಳು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಮಾತಾಡಿದವರೆಲ್ಲ ಅವರ ಪಾಠವನ್ನು ಹೊಗಳಿದರು, ಶಿಸ್ತನ್ನು ಹೊಗಳಿದರು, ಪ್ರಯೋಗಾಲಯದ ಬೀರುಗಳನ್ನು ಅವರು ಇಟ್ಟುಕೊಂಡಿದ್ದ ರೀತಿಯನ್ನೂ ಹೊಗಳಿದರು. ಲ್ಯಾಪ್‌ಟಾಪಿನ ವಿಷಯವನ್ನು ಮಾತ್ರ ಒಬ್ಬರೂ ಎತ್ತಲಿಲ್ಲ. ಎತ್ತಿದರೆ ತಾವು ಎದ್ದು ಹೋಗುವುದಾಗಿ ಅವರು ಪ್ರಿನ್ಸಿಪಾಲರಿಗೆ ಮೊದಲೇ ಹೇಳಿದ್ದರು. ನನಗೆ ಆ ಸಭೆ ಅರೆಬರೆ ಅನಿಸಿತು. ಅವರೊಂದಿಗೆ ಮಧುಗಿರಿಯ ಆ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತ ಬಹಳ ವರ್ಷ ಕಳೆದವಳು ನಾನು. ಅವರು ಎಂಥ ಮನುಷ್ಯ ಎನ್ನುವುದು ನನಗೆ ತಿಳಿದದ್ದು ಅವರ ಪಾಠದಿಂದಲ್ಲ, ಆ ಹಾಳು ಲ್ಯಾಪ್‌ಟಾಪಿನಿಂದ.

ಅದಕ್ಕೂ ಮೊದಲು ಅವರ ಖ್ಯಾತಿ ಏನಿತ್ತು ಎಂದು ಹೇಳಬೇಕು. ನಮ್ಮ ಊರಲ್ಲಿ ಒಂದು ಸ್ಟೆಬಿಲೈಸರ್ ಕೊಳ್ಳುವವರಿದ್ದರೂ ಮೊದಲು ಮೇಷ್ಟ್ರನ್ನು ಕೇಳುತ್ತಿದ್ದರು. ನೀರಿನ ಫಿಲ್ಟರು, ಮೋಟಾರು ಪಂಪು, ಫ್ಯಾನು, ಹೆಲ್ಮೆಟ್ಟು, ಯಾವುದಾದರೂ ಸರಿ. ಅವರು ಅಂಗಡಿಗೆ ಬರುತ್ತಾರೆಂದರೆ ಮಾಲೀಕರು ಕಪಾಟಿನ ಧೂಳು ಒರೆಸಿಡುತ್ತಿದ್ದರು. ವಸ್ತುವನ್ನು ತಿರುಗಿಸಿ ಮುರುಗಿಸಿ ನೋಡುವರು, ನಡುಬೆರಳಿನ ಗೆಣ್ಣಿನಿಂದ ತಟ್ಟುವರು, ಕಿವಿಗೊಟ್ಟು ಕೇಳುವರು. ನಾನು ಮಿಕ್ಸಿ ಕೊಳ್ಳಲು ಹೋದಾಗ ಜೊತೆಗೆ ಬಂದಿದ್ದರು. ಅಂಗಡಿಯ ಕಪಾಟಿನಲ್ಲಿದ್ದ ಮಿಕ್ಸಿಗಳನ್ನೆಲ್ಲ ಒಂದೊಂದಾಗಿ ಓಡಿಸಿದರು.

"ಸಾರ್, ಮಿಕ್ಸಿ ತಗಳಾಕೆ ಬಂದ್ರೋ, ಸಂಗೀತ ಕೇಳಾಕೆ ಬಂದ್ರೋ?" ಎಂದ ಅಂಗಡಿಯವನು.

"ಎರಡಕ್ಕೂ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಆ ಕೆಂಪುದು ಬ್ಯಾಡ ಕಣಮ್ಮ, ಹಲ್ಲು ಕಡೀತೈತೆ. ಇದನ್ನ ತಗೋ" ಎಂದರು. ಆ ಮಿಕ್ಸಿ ಈಗಲೂ ನಮ್ಮ ಅಡುಗೆಮನೆಯಲ್ಲಿ ದುಡಿಯುತ್ತಿದೆ.

ಪಾಠಗಳೆಲ್ಲ ಆನ್‌ಲೈನ್ ಆದ ಕಾಲದಲ್ಲಿ ಎಲ್ಲರಿಗೂ ಲ್ಯಾಪ್‌ಟಾಪು ಬೇಕಾಯಿತು. ಎಲ್ಲರೂ ಅವರ ಬಳಿಯೇ ಹೋದರು. ಅವರು ತಕ್ಷಣ ಯಾವುದನ್ನೂ ಹೇಳಲಿಲ್ಲ. ತಾವೇ ಒಂದನ್ನು ತಂದು ಕೆಲವು ತಿಂಗಳು ಬಳಸಿದರು. ತೆಳ್ಳಗೆ, ಬೆಳ್ಳಿ ಬಣ್ಣದ್ದು, ಎಲ್ಲ ಅಂಗಡಿಯ ಮುಂದಿನ ಮೇಜಿನಲ್ಲೂ ಇರುತ್ತಿದ್ದ ಜನಪ್ರಿಯ ಮಾದರಿ. ಹೊರೆಯಾಗುವ ಬೆಲೆಯೂ ಅಲ್ಲ. ಕೊನೆಗೊಂದು ದಿನ ಸ್ಟಾಫ್ ರೂಮಿನಲ್ಲಿ, "ತಗೊಳ್ಳಿ, ಚೆನ್ನಾಗೈತೆ" ಎಂದರು. ಅಷ್ಟೇ ಸಾಕಾಯಿತು. ನಾನು ಕೊಂಡೆ. ಸಹೋದ್ಯೋಗಿಗಳು ಕೊಂಡರು. ವಿದ್ಯಾರ್ಥಿಗಳು ಕೊಂಡರು. ಕೊರಟಗೆರೆ, ಶಿರಾ, ಪಾವಗಡದ ಕಡೆ ನೆಲೆಸಿದ್ದ ಅವರ ಹಳೆಯ ವಿದ್ಯಾರ್ಥಿಗಳೂ ಫೋನಿನಲ್ಲಿ ಕೇಳಿ ಕೊಂಡರು. ಕಂಪನಿ ಇಟ್ಟಿದ್ದ ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ. ನಮ್ಮ ಊರಿನ ಅಂಗಡಿಯವನು ಅದನ್ನು 'ಮೇಷ್ಟ್ರು ಮಾಡಲ್' ಎಂದೇ ಕರೆದು ಮಾರುತ್ತಿದ್ದ.

ಮೊದಲು ಮುರಿದದ್ದು ನನ್ನದು. ಒಂದು ಬೆಳಿಗ್ಗೆ ಮುಚ್ಚಳ ತೆಗೆಯುವಾಗ ಟಕ್ಕೆಂದು ಸದ್ದಾಯಿತು. ಪರದೆಯ ಎಡ ಮೂಲೆ ಬಾಯಿ ಬಿಟ್ಟುಕೊಂಡು ಒಳಗಿನ ತಂತಿ ಕಾಣಿಸಿತು. ಒಂದು ವಾರದಲ್ಲಿ ಪರದೆಯ ಮೇಲೆ ಅಡ್ಡಡ್ಡ ಗೆರೆಗಳು ಬಂದವು, ಆಮೇಲೆ ಕತ್ತಲೆ. ಮೇಷ್ಟ್ರು ಪ್ರಯೋಗಾಲಯದ ಮೇಜಿನ ಮೇಲೆ ಅದನ್ನು ಬಿಚ್ಚಿದರು. ಪರದೆಯನ್ನು ಹಿಡಿದಿಡುವ ಕಬ್ಬಿಣದ ಕೀಲು ಗಟ್ಟಿಮುಟ್ಟಾಗಿಯೇ ಇತ್ತು. ಆದರೆ ಅದರ ತಿರುಪುಗಳು ಕೂತಿದ್ದ ಪ್ಲಾಸ್ಟಿಕ್ಕಿನ ಗೂಟಗಳು ತೊಗರಿಬೇಳೆಯಷ್ಟು ದಪ್ಪವೂ ಇರಲಿಲ್ಲ. ಅವು ಪುಡಿಯಾಗಿ ಮೇಜಿನ ಮೇಲೆ ಉದುರಿದವು. ಮೇಷ್ಟ್ರು ಒಂದು ಚೂರನ್ನು ಬೆರಳ ತುದಿಯಲ್ಲಿ ಎತ್ತಿಕೊಂಡು ಬಹಳ ಹೊತ್ತು ನೋಡಿದರು.

"ಇಷ್ಟೇನಾ?" ಎಂದರು. "ಇದರ ಮೇಲೆ ಅಷ್ಟು ಭಾರ ನಿಲ್ಸಿದಾರಾ?"

ತುಮಕೂರಿನ ಸರ್ವೀಸ್ ಸೆಂಟರಿಗೆ ಒಯ್ದೆ. ಅಲ್ಲಿಯ ಮ್ಯಾನೇಜರು ಬಹಳ ವಿನಯದ ಮನುಷ್ಯ. "ಇದು ಫಿಸಿಕಲ್ ಡ್ಯಾಮೇಜ್ ಮೇಡಂ, ವಾರಂಟಿ ಬರಲ್ಲ. ಎಲ್ಲೋ ಬೀಳಿಸಿದೀರಾ. ಈ ಮಾಡಲ್‌ನಲ್ಲಿ ಇಂಥದ್ದು ಬಹಳ ಅಪರೂಪ" ಎಂದ. ನಾನು ಬೀಳಿಸಿಲ್ಲ ಎಂದು ಹೇಳಿ ಹೇಳಿ ಗಂಟಲು ನೋವು ಬಂತು. ಹಿಂದಿರುಗಿ ಬಂದು ಮೇಷ್ಟ್ರಿಗೆ ಹೇಳಿದಾಗ ಅವರಿಗೆ ಬೇರೆ ಯಾವ ಮಾತೂ ಕೇಳಿಸಲಿಲ್ಲ.

"ಅಪರೂಪ ಅಂದ್ನಾ? ಅಪರೂಪ ಅಂದ್ರೆ ಎಷ್ಟು?"

"ನಂಗೇನು ಗೊತ್ತು ಸಾರ್?"

"ಅವನಿಗೆ ಗೊತ್ತೇನು?" ಎಂದರು. ನನ್ನ ಮೇಲೆಯೇ ರೇಗಿದಂತಿತ್ತು.

ಅಲ್ಲಿಂದ ಮುಂದೆ ಒಬ್ಬರಾದ ಮೇಲೊಬ್ಬರು ಬರತೊಡಗಿದರು. ಹೆಚ್ಚಿನವರದು ಅದೇ ಎಡ ಮೂಲೆ, ಅದೇ ಟಕ್. ಕೆಲವರದು ಚಾರ್ಜು ಹಿಡಿಯುತ್ತಿರಲಿಲ್ಲ. ಒಬ್ಬ ಹುಡುಗನದು ಬ್ಯಾಟರಿ ಉಬ್ಬಿ ಕೀಬೋರ್ಡು ಪೂರಿಯಂತೆ ಮೇಲೆದ್ದಿತ್ತು. ಯಾರೂ ಮೇಷ್ಟ್ರನ್ನು ಬೈಯಲಿಲ್ಲ. "ಏನ್ ಸಾ ಇಂಗಾಗೋಯ್ತು" ಎಂದು ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಬೈದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರೇನೋ. ಅವರ ಸ್ವಂತ ಯಂತ್ರಕ್ಕೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ. ಅದಕ್ಕೂ ಅವರಿಗೆ ಸಂಕಟವೇ.

ಒಂದು ಶನಿವಾರ ಚೀಲ ಹೆಗಲಿಗೆ ಹಾಕಿಕೊಂಡು ಹೊರಟು ನಿಂತರು. ತಮ್ಮ ಮಾತು ಕೇಳಿ ಕೊಂಡವರನ್ನೆಲ್ಲ ಮನೆಗೇ ಹೋಗಿ ನೋಡುತ್ತಾರಂತೆ.

"ಫೋನ್ ಮಾಡಿದ್ರೆ ಆಗಲ್ವಾ ಸಾರ್?" ಎಂದೆ.

"ಫೋನ್ ಮಾಡಿದ್ರೆ ಕೆಟ್ಟೋಗಿರೋರು ಮಾತ್ರ ಬಾಯಿ ಬಿಡ್ತಾರೆ ಕಣಮ್ಮ. ಚೆನ್ನಾಗಿ ನಡೀತಿರೋರು ಯಾಕೆ ಮಾತಾಡ್ತಾರೆ? ಎರಡೂ ನೋಡ್ಬೇಕು. ಇಲ್ಲಾಂದ್ರೆ ಅವನು ಅಪರೂಪ ಅಂದಿದ್ದು ಸುಳ್ಳು ಅಂತ ನಾನು ಹೆಂಗೆ ಹೇಳ್ಲಿ?"

ನನಗೆ ಆ ವಾದ ಹಿಡಿಸಲಿಲ್ಲ. ಮುರಿದವುಗಳನ್ನಷ್ಟೇ ಒಟ್ಟುಮಾಡಿ ಕಂಪನಿಯ ಮುಖಕ್ಕೆ ಹಿಡಿದರೆ ಸಾಕಿತ್ತು. ಆದರೂ ನನ್ನ ಸಿಟ್ಟು ನನ್ನದು. ಬಿಡುವಿದ್ದ ಕೆಲವು ವಾರ ಅವರ ಜೊತೆ ನಾನೂ ಖಾಸಗಿ ಬಸ್ಸುಗಳಲ್ಲಿ ತಿರುಗಿದೆ.

ಶಿರಾದಲ್ಲಿ ಒಬ್ಬ ಹಳೆಯ ವಿದ್ಯಾರ್ಥಿ ತನ್ನದನ್ನು ರಿಪೇರಿಗೆ ಕೊಟ್ಟಿದ್ದ ಅಂಗಡಿಗೆ ಹೋದೆವು. ಅಂಗಡಿಯ ಸಾಬರು ನಮಗೆ ಚಹಾ ತರಿಸಿದರು. ಮೂಲೆಯಲ್ಲಿ ಬೆಳ್ಳಿ ಬಣ್ಣದ ಮುಚ್ಚಳಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು.

"ಇವು ಬಹಳ ಬರ್ತವಾ?" ಎಂದು ಮೇಷ್ಟ್ರು ಕೇಳಿದರು.

"ರೋಜ್ ಬರ್ತವೆ ಸಾರ್. ಬೇಜಾರ್ ಮಾಡ್ಕೋಬೇಡಿ, ಈ ಮಾಡಲ್ ಮಾಡಿದೋನಿಗೆ ನಾವು ದುವಾ ಮಾಡ್ತೀವಿ. ಅವನಿಂದ್ಲೇ ನಮ್ಮ ದುಕಾನ್ ನಡೀತೈತೆ!"

ನಾನು ನಕ್ಕೆ. ಮೇಷ್ಟ್ರು ನಗಲಿಲ್ಲ. "ಬೇರೆ ಕಂಪನಿದು ಬರಲ್ವಾ?" ಎಂದು ಕೇಳಿದರು. ಅವೂ ಬರುತ್ತವೆ, ಆದರೆ ಇಷ್ಟಿಲ್ಲ ಎಂದರು ಸಾಬರು. "ಇದನ್ನೇ ಜನ ಹೆಚ್ಚು ತಗೊಂಡಿರೋದಕ್ಕೂ ಇರಬಹುದು" ಎಂದು ಮೇಷ್ಟ್ರು ತಮಗೆ ತಾವೇ ಹೇಳಿಕೊಂಡರು. ನನಗೆ ಮೈ ಉರಿಯಿತು. ಇವರು ಯಾರ ಪರ?

ಕೊರಟಗೆರೆಯಲ್ಲಿ ಇನ್ನೂ ಉರಿಯಿತು. ಬಸ್ ಸ್ಟಾಂಡಿನ ಎದುರಿಗೆ ಮದುವೆ ಕಾಗದ ಟೈಪು ಮಾಡಿಕೊಡುವ ಹೆಂಗಸು, ಅವರ ಹಳೆಯ ವಿದ್ಯಾರ್ಥಿನಿ, ನಮ್ಮನ್ನು ಕಂಡು ಕುರ್ಚಿ ಒರೆಸಿದಳು. "ನಂದು ಒಂದಿನಾನೂ ಕೈ ಕೊಟ್ಟಿಲ್ಲ ಸಾ. ಬೆಳಗಿಂದ ಸಂಜೆ ಗಂಟ ಕುಟ್ತೀನಿ. ನಿಮ್ಮೆಸ್ರು ಹೇಳಿ ದೀಪ ಹಚ್ಬೇಕು" ಎಂದಳು. ಮೇಷ್ಟ್ರು ಅದನ್ನು ಮುಂದೆ ಹಿಂದೆ ನೋಡಿದರು. ಎಲ್ಲವೂ ಸರಿಯಿತ್ತು. ಹೊರಗೆ ಬಂದ ಮೇಲೆ, "ಇದನ್ನೂ ಲೆಕ್ಕಕ್ಕೆ ಹಿಡೀಬೇಕು" ಎಂದರು. "ಹಿಡೀರಿ ಸಾರ್, ಚೆನ್ನಾಗಿ ಹಿಡೀರಿ" ಎಂದು ನಾನು ಬಸ್ಸಿನಲ್ಲಿ ಬೇರೆ ಸೀಟಿಗೆ ಹೋಗಿ ಕುಳಿತೆ.

ಪಾವಗಡದ ಕಡೆಗೆ ಹೋದ ದಿನ ಮಾತ್ರ ನಾವಿಬ್ಬರೂ ಜಗಳವಾಡುವ ಸ್ಥಿತಿಯಲ್ಲಿರಲಿಲ್ಲ. ಬಲಸಮುದ್ರದಲ್ಲಿ ಅವರ ಇನ್ನೊಬ್ಬ ವಿದ್ಯಾರ್ಥಿನಿ ಇದ್ದಳು. ಡಿಗ್ರಿ ಮುಗಿಸಿ, ಮನೆಯ ಮುಂದಿನ ಕೋಣೆಯಲ್ಲಿ ಈ ಲ್ಯಾಪ್‌ಟಾಪು, ಒಂದು ಪ್ರಿಂಟರು ಇಟ್ಟುಕೊಂಡು ಊರವರ ಅರ್ಜಿಗಳನ್ನು ತುಂಬಿಕೊಡುತ್ತಿದ್ದಳು. ಸುತ್ತ ಸೋಲಾರ್ ಹಲಗೆಗಳ ಸಾಲುಗಳು ಬಿಸಿಲಿಗೆ ಕಣ್ಣು ಕುಕ್ಕುತ್ತಿದ್ದವು. ನಾವು ಹೋದಾಗ ಕೋಣೆಯ ಬಾಗಿಲು ಮುಚ್ಚಿತ್ತು. ಅವಳ ಅಪ್ಪ ಜಗುಲಿಯ ಮೇಲೆ ಕೂತಿದ್ದ.

ನಡೆದದ್ದು ಇಷ್ಟು. ಊರಿನ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಹತ್ತಿರವಾಗಿತ್ತು. ಅಂಕಪಟ್ಟಿ, ಫೋಟೋ ಎಲ್ಲವನ್ನೂ ಅವಳು ಲ್ಯಾಪ್‌ಟಾಪಿಗೆ ಹಾಕಿಕೊಂಡಿದ್ದಳು. ಕಳಿಸಬೇಕೆನ್ನುವಾಗ ಅದು ಸತ್ತಿತು. ಮುಚ್ಚಳ ಮುರಿಯಲಿಲ್ಲ, ಏನಿಲ್ಲ; ಸುಮ್ಮನೆ ಆರಿಹೋಯಿತು, ಮತ್ತೆ ಹೊತ್ತಲಿಲ್ಲ. ಅವಳು ಪಾವಗಡಕ್ಕೆ ಓಡಿ ಬೇರೆಯವರ ಅಂಗಡಿಯಲ್ಲಿ ಕೂತು ಆದಷ್ಟು ಮಾಡಿದಳು. ಕೆಲವು ಮಕ್ಕಳದು ಉಳಿದುಹೋಯಿತು. ಪಕ್ಕದ ಮನೆಯವರು ಅವಳೊಂದಿಗೆ ಮಾತು ಬಿಟ್ಟರು. ಬಾವಿಕಟ್ಟೆಯಲ್ಲಿ ಅವಳು ಬಂದರೆ ಹೆಂಗಸರು ಮುಖ ತಿರುಗಿಸುತ್ತಿದ್ದರಂತೆ.

ಅಪ್ಪ ಎದ್ದು ನಿಂತ. ಆ ಕಡೆಯವರ ತೆಲುಗು ಬೆರೆತ ಮಾತು.

"ಏಮಿ ಸಾರ್, ನೀವು ದೊಡ್ಡೋರು. ನೀವು ಹೇಳಿದ್ರು ಅಂತಾನೇ ಕದಾ ಅದನ್ನ ತಗಂಡಿದ್ದು? ಇಪ್ಪುಡು ನಮ್ಮುಡುಗಿ ತಲೆ ಎತ್ಕಂಡು ಓಡಾಡಂಗಿಲ್ಲ. ಯಾರ್ನ ಕೇಳ್ಬೇಕು ನಾವು?"

"ನನ್ನನ್ನೇ ಕೇಳ್ಬೇಕು" ಎಂದರು ಮೇಷ್ಟ್ರು.

ಒಳಗಿನಿಂದ ಆ ಹುಡುಗಿ ಬಂದು ಅಪ್ಪನ ಕಡೆ ತಿರುಗಿದಳು. "ಸಾರ್ ಏನ್ ಮಾಡ್ತಾರೆ ನಾನ್ನ? ಅವರೇನ್ ತಯಾರ್ ಮಾಡಿದ್ರಾ ಅದನ್ನ?" ಎಂದಳು. ಅಪ್ಪ ಒಳಗೆ ಹೋಗಿ ನೀರು ತಂದಿಟ್ಟ.

ಮೇಷ್ಟ್ರು ನೀರು ಕುಡಿದು ಚೀಲದಿಂದ ತಮ್ಮ ಲ್ಯಾಪ್‌ಟಾಪು ತೆಗೆದರು. ಹೋಲಿಸಿ ನೋಡಲೆಂದು ಅದನ್ನು ಎಲ್ಲ ಕಡೆಗೂ ಒಯ್ಯುತ್ತಿದ್ದರು. ಅವಳ ಮುಂದೆ ಇಟ್ಟು, "ಇದನ್ನ ಇಟ್ಕೋ. ಬಾಗಿಲು ತೆಗೆದು ಕೆಲಸ ಶುರು ಮಾಡು" ಎಂದರು.

ಅವಳು ಅದನ್ನು ನೋಡಿದಳು. ಮುಟ್ಟಲಿಲ್ಲ. "ಇದೂ ಅದೇ ಮಾಡಲ್ ಅಲ್ವಾ ಸಾರ್?"

"ಹೌದಮ್ಮ" ಎಂದರು. "ಅದೇ."

ಅವಳು ಇಟ್ಟುಕೊಂಡಳು, ಬೇರೆ ದಾರಿಯಿರಲಿಲ್ಲ. ಮಧುಗಿರಿ ಬರುವವರೆಗೂ ಮೇಷ್ಟ್ರು ಬಸ್ಸಿನ ಕಿಟಕಿಯಿಂದ ಮುಖ ಈಚೆಗೆ ತಿರುಗಿಸಲಿಲ್ಲ. ಆ ಯಂತ್ರ ಈಗಲೂ ಅವಳಲ್ಲಿ ಚೆನ್ನಾಗಿಯೇ ನಡೆಯುತ್ತಿದೆ. ಇದನ್ನು ಹೇಳುವಾಗ ನನಗೆ ಸಂತೋಷಕ್ಕಿಂತ ಕಿರಿಕಿರಿಯೇ ಹೆಚ್ಚು. ಒಂದೇ ಕಾರ್ಖಾನೆಯ ಒಂದೇ ಥರದ ಎರಡು ಪೆಟ್ಟಿಗೆ; ಒಂದು ಅವಳ ಮಾನ ಕಳೆಯಿತು, ಇನ್ನೊಂದು ಅವಳಿಗೆ ಅನ್ನ ಹಾಕುತ್ತಿದೆ.

ಅಷ್ಟೂ ಮುಗಿದ ಮೇಲೆ ಮುರಿದವುಗಳನ್ನು ಎರಡು ಚೀಲಗಳಲ್ಲಿ ತುಂಬಿಕೊಂಡು ನಾವಿಬ್ಬರೂ ತುಮಕೂರಿನ ಸರ್ವೀಸ್ ಸೆಂಟರಿಗೆ ಹೋದೆವು. ಮೇಷ್ಟ್ರು ಅವುಗಳನ್ನು ಕೌಂಟರಿನ ಉದ್ದಕ್ಕೂ ಸಾಲಾಗಿ ಜೋಡಿಸಿದರು. ಕಾಯುತ್ತಿದ್ದ ಗಿರಾಕಿಗಳು ಕುತ್ತಿಗೆ ಚಾಚಿ ನೋಡಿದರು. ಎಲ್ಲದರ ಎಡ ಮೂಲೆಯೂ ಒಂದೇ ರೀತಿ ಬಾಯಿ ತೆರೆದಿತ್ತು.

"ಇವರೆಲ್ಲ ಒಂದೇ ಥರ ಬೀಳ್ಸಿದಾರೇನಪ್ಪ?" ಎಂದರು.

ಅದೇ ವಿನಯದ ಮ್ಯಾನೇಜರು. ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಆಮೇಲೆ ಹೇಳಿದ, "ಸಾರ್, ಇದು ತುಂಬ ಮಾರಾಟ ಆಗೋ ಮಾಡಲ್. ಜಾಸ್ತಿ ಮಾರಿದಾಗ ಕೆಟ್ಟಿದ್ದೂ ಜಾಸ್ತಿ ಕಾಣುತ್ತೆ. ನಿಮಗೆ ಗೊತ್ತಿರೋರದ್ದೆಲ್ಲ ಕೆಟ್ಟಿದ್ಯಾ ಹೇಳಿ?"

ಹೌದು ಎನ್ನಿ ಸಾರ್, ಒಂದೇ ಮಾತು, ಹೌದು ಎಂದುಬಿಡಿ ಎಂದು ಮನಸ್ಸಿನಲ್ಲೇ ಅಂಗಲಾಚಿದೆ.

"ಇಲ್ಲ. ಅರ್ಧಕ್ಕಿಂತ ಹೆಚ್ಚು ಚೆನ್ನಾಗಿದಾವೆ" ಎಂದರು.

ಮ್ಯಾನೇಜರು ಹಗುರಾದ. "ನೋಡಿ ಮತ್ತೆ" ಎಂದ.

"ನೋಡ್ತಾನೇ ಇದೀನಿ. ಅದಕ್ಕೇ ನಿಮ್ಮನ್ನ ಕೇಳಾಕೆ ಬಂದಿರೋದು. ನಾನು ನೋಡಿದ್ದು ನಾಕು ತಾಲೂಕು. ನೀವು ಎಷ್ಟು ಮಾರಿದೀರಿ, ಎಷ್ಟು ವಾಪಸ್ ಬಂದೈತೆ, ಅದನ್ನ ಹೇಳಿ. ವಾಪಸ್ ಬಂದಿರೋದು ಕಮ್ಮಿ ಅಂತಾದ್ರೆ ಈ ಚೀಲ ಹೊತ್ಕೊಂಡು ನಿಮಗೆ ಕೈ ಮುಗಿದು ಹೋಗ್ತೀನಿ."

"ಅದು ನಮ್ಮತ್ರ ಇರಲ್ಲ ಸಾರ್. ಕಂಪನಿ ಹತ್ರ ಇರುತ್ತೆ."

"ಕಂಪನಿ ಎಲ್ಲೈತೆ?"

"ಟೋಲ್ ಫ್ರೀ ನಂಬರ್ ಇದೆ ಸಾರ್."

ಆಮೇಲಿನ ತಿಂಗಳುಗಳಲ್ಲಿ ಪ್ರಯೋಗಾಲಯದ ಪಕ್ಕ ಹಾದುಹೋದಾಗಲೆಲ್ಲ ಅವರ ಫೋನಿನಿಂದ ಒಂದೇ ಸಂಗೀತ ಕೇಳಿಸುತ್ತಿತ್ತು. ನಡುನಡುವೆ ಒಂದು ಹೆಣ್ಣುದನಿ, ನಿಮ್ಮ ಕರೆ ನಮಗೆ ಮುಖ್ಯ ಎನ್ನುತ್ತಿತ್ತು. ಯಾರಾದರೂ ಎತ್ತಿದರೆ ಮೊದಲಿಂದ ಎಲ್ಲ ಹೇಳಬೇಕು. ಹೇಳಿ ಮುಗಿಸುವಷ್ಟರಲ್ಲಿ ಬೇರೆ ವಿಭಾಗಕ್ಕೆ ದಾಟಿಸುತ್ತಿದ್ದರು. ಮೇಷ್ಟ್ರ ದನಿ ಏರುತ್ತಿರಲಿಲ್ಲ, ಕತ್ತಿನ ನರ ಮಾತ್ರ ಉಬ್ಬುತ್ತಿತ್ತು. ಕೊನೆಗೊಂದು ಮಧ್ಯಾಹ್ನ ಕಂಪನಿಯೇ ಅವರಿಗೆ ಕರೆ ಮಾಡಿತು. ಅವರದು ವಿಶೇಷ ಪ್ರಕರಣವೆಂದು ಪರಿಗಣಿಸಿದ್ದಾರಂತೆ, ಅವರ ಲ್ಯಾಪ್‌ಟಾಪನ್ನು ಉಚಿತವಾಗಿ ಸರಿಮಾಡಿಕೊಡುತ್ತಾರಂತೆ.

"ನಂದು ಕೆಟ್ಟೇ ಇಲ್ವಲ್ಲಮ್ಮ" ಎಂದರು ಮೇಷ್ಟ್ರು ಫೋನಿಗೆ. ಆ ಕಡೆಯ ಹುಡುಗಿ ಏನು ಹೇಳಿದಳೋ ತಿಳಿಯದು. ಅವರು ಫೋನನ್ನು ಮೇಜಿನ ಮೇಲಿಟ್ಟು ನಗತೊಡಗಿದರು. ನಗು ನಿಲ್ಲದೆ ಕಣ್ಣಲ್ಲಿ ನೀರು ಬಂತು. ನನಗೆ ಹೆದರಿಕೆಯಾಯಿತು.

ಕೋರ್ಟಿಗೆ ಹೋಗೋಣ ಎಂದು ನಾನು ಹಟ ಹಿಡಿದೆ. ಕೊಂಡವರು ಒಬ್ಬೊಬ್ಬರೂ ಮುಂದೆ ಬರಬೇಕು ಎಂದರು ವಕೀಲರು. ಅಷ್ಟರಲ್ಲಿ ಜನ ದಣಿದಿದ್ದರು. ಹಲವರು ಶಿರಾದಲ್ಲಿ ಅಂಟು ಹಾಕಿಸಿ, ಅಲ್ಯೂಮಿನಿಯಂ ಪಟ್ಟಿ ಬಡಿಸಿ ಹೇಗೋ ನಡೆಸುತ್ತಿದ್ದರು. ನನ್ನದೂ ಹಾಗೆಯೇ ಇದೆ. ಅರ್ಧ ಮಾತ್ರ ತೆರೆಯುತ್ತದೆ, ನಾನು ಕತ್ತು ಬಗ್ಗಿಸಿ ಓದುತ್ತೇನೆ. ಕೋರ್ಟೆಂದಾಗ, "ಬುಡಿ ಸಾ, ಅದರ ಇಂದೆ ಯಾರು ಅಲೀತಾರೆ" ಎಂದವರೇ ಎಲ್ಲ. ನನಗೆ ಅವರ ಮೇಲೂ ಕೋಪ ಬಂತು. ಮೇಷ್ಟ್ರಿಗೆ ಬರಲಿಲ್ಲ. "ಅವರಿಗೆ ಬದುಕೈತೆ ಕಣಮ್ಮ" ಎಂದರು. ಅಲ್ಲಿಗೆ ಅದು ಮುಗಿಯಿತು. ಅಪರೂಪ ಎಂದರೆ ಎಷ್ಟು ಎಂದು ಅವರಿಗೆ ಯಾರೂ ಹೇಳಲಿಲ್ಲ.

ಅದಾದ ಮೇಲೆ ಅವರು ಯಾರಿಗೂ ಸಲಹೆ ಕೊಡುವುದನ್ನು ಬಿಟ್ಟರು. ಇನ್‌ವರ್ಟರ್ ಕೇಳಿದರೂ ಗೊತ್ತಿಲ್ಲ, ಕುಕ್ಕರ್ ಕೇಳಿದರೂ ಗೊತ್ತಿಲ್ಲ. ಒಮ್ಮೆ ನಾನು ತಡೆಯಲಾರದೆ ಜಗಳಕ್ಕೇ ನಿಂತೆ.

"ನೀವು ಇಷ್ಟು ವರ್ಷ ಹೇಳಿದ್ದೆಲ್ಲ ಸರಿಯಾಗಿತ್ತಲ್ಲ ಸಾರ್? ಒಂದಕ್ಕೆ ಹಿಂಗೆ ಮುಖ ಊದಿಸಿಕೊಂಡು ಕೂತ್ರೆ ಹೆಂಗೆ?"

"ಮುಖ ಊದ್ಸಿಲ್ಲ" ಎಂದರು. "ಹೊಸದನ್ನ ನೋಡಿ ಅದು ಇವತ್ತು ಹೆಂಗೈತೆ ಅಂತ ಹೇಳಬಲ್ಲೆ. ಎರಡು ವರ್ಷ ಆದ್ಮೇಲೆ ಹೆಂಗಿರುತ್ತೆ ಅಂತ ಮಾಡಿದೋರಿಗೆ ಮಾತ್ರ ಗೊತ್ತು. ಅವರು ಹೇಳಲ್ಲ. ನಾನು ಯಾವ ಬಾಯಲ್ಲಿ ಹೇಳ್ಲಿ?"

ನಾನು ಹಾಜರಿ ಪುಸ್ತಕ ಎತ್ತಿಕೊಂಡು ಸಿಟ್ಟಿನಲ್ಲೇ ತರಗತಿಗೆ ಹೋದೆ.

ನಿವೃತ್ತಿಗೆ ಒಂದು ವಾರವಿರುವಾಗ ದೊಡ್ಡೇರಿ ಕಡೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ಪ್ರಯೋಗಾಲಯಕ್ಕೆ ಬಂದರು. ಹುಡುಗಿಗೆ ತುಮಕೂರಿನಲ್ಲಿ ಡಿಗ್ರಿಗೆ ಸೀಟು ಸಿಕ್ಕಿತ್ತು. "ಯಾವ್ದು ತಗಳಾನ ಸಾ? ನೀವು ಹೇಳಿದ್ದೇ ಸೈ" ಎಂದರು ತಂದೆ. ಮೇಷ್ಟ್ರು ಎಂದಿನಂತೆ, "ನಂಗೆ ಗೊತ್ತಿಲ್ಲಪ್ಪ" ಎಂದರು. ತಂದೆ ಮಗಳು ಪೆಚ್ಚಾಗಿ ಹೊರಟುಹೋದರು.

ಸಂಜೆ ನಾವಿಬ್ಬರೂ ಬಸ್ ಸ್ಟಾಂಡಿಗೆ ಬಂದೆವು. ಮೇಷ್ಟ್ರು ದಿನಾ ಚನ್ನರಾಯನದುರ್ಗದಿಂದ ಓಡಾಡುವವರು, ಆ ಹೊತ್ತಿಗೆ ಒಂದೇ ಬಸ್ಸು. ಕಟ್ಟೆಯ ಮೇಲೆ ಆ ತಂದೆ ಮಗಳು ಕೂತಿದ್ದರು. ಹುಡುಗಿಯ ತೊಡೆಯ ಮೇಲೆ ಹೊಸ ಪೆಟ್ಟಿಗೆ. ಅದರ ಮೇಲಿನ ಚಿತ್ರವನ್ನು ನಾನು ದೂರದಿಂದಲೇ ಗುರುತಿಸಿದೆ. ಅದೇ ಮಾದರಿ. ಈಗ ನೀಲಿ ಬಣ್ಣದಲ್ಲಿ ಬಂದಿತ್ತು.

ತಂದೆ ಖುಷಿಯಿಂದ ಎದ್ದರು. "ಸಾ, ತಗಂಡ್ಬುಟ್ವಿ! ಎಲ್ರೂ ಇದ್ನೇ ತಗಳಾದು ಅಂದ ಅಂಗಡಿಯೋನು. ಚೆನ್ನಾಗೈತಾ ಸಾ?"

ಮೇಷ್ಟ್ರು ಪೆಟ್ಟಿಗೆಯನ್ನೇ ನೋಡುತ್ತ ನಿಂತರು. ಹಿಂದಿರುಗಿಸಿ ಬನ್ನಿ ಎನ್ನುತ್ತಾರೆ ಎಂದುಕೊಂಡೆ. ನನ್ನ ಬಾಯಿಗೇ ಆ ಮಾತು ಬಂದಿತ್ತು. ಆದರೆ ಆ ಹುಡುಗಿ ಪೆಟ್ಟಿಗೆಯನ್ನು ಎರಡೂ ತೋಳಲ್ಲಿ ತಬ್ಬಿಕೊಂಡಿದ್ದಳು. ಮೇಷ್ಟ್ರು ಹೋಗಿ ಅವಳ ಪಕ್ಕದಲ್ಲಿ ಕುಳಿತರು. ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎನ್ನಲೂ ಇಲ್ಲ.

"ಹೊರಗೆ ತೆಗಿ ಮಗ" ಎಂದರು.

ಅವಳು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಮುಚ್ಚಳದ ಮೂಲೆಗೆ ಬೆರಳು ಹಾಕಿದಳು.

"ಮೂಲೆ ಹಿಡೀಬ್ಯಾಡ. ಮಧ್ಯಕ್ಕೆ ಕೈ ಹಾಕು. ಇನ್ನೊಂದು ಕೈ ಕೆಳಗೆ ಒತ್ತಿ ಹಿಡ್ಕೊ. ಹಂಗೆ. ಈಗ ನಿಧಾನ... ನಿಧಾನ. ಸಾಕು, ಅಷ್ಟಕ್ಕೇ ನಿಲ್ಸು. ಈಗ ಮುಚ್ಚು. ಹಂಗೇ ಬಿಟ್ಬಿಡಬಾರ್ದು, ಕೈಯಿಂದ ಇಳಿಸ್ಬೇಕು, ಮಗೂನ ಮಲಗ್ಸೋ ಹಾಗೆ."

ಹುಡುಗಿ ತೆರೆದಳು, ಮುಚ್ಚಿದಳು. ತಂದೆ ಬಗ್ಗಿ ನೋಡುತ್ತಿದ್ದರು. ಬಸ್ಸು ಬಂದು ನಿಂತಿತು. ಕಂಡಕ್ಟರ್, "ದುರ್ಗ, ಕೊರಟಗೆರೆ, ಕೊರಟಗೆರೆ" ಎಂದು ಕೂಗಿ, ಮೇಷ್ಟ್ರನ್ನು ನೋಡಿ ಇನ್ನೊಮ್ಮೆ ಕೂಗಿ, ಸೀಟಿ ಊದಿದ. "ಸಾರ್, ಬಸ್ಸು" ಎಂದೆ ನಾನು.

ಅವರು ತಲೆ ಎತ್ತಲಿಲ್ಲ.

"ಇನ್ನೊಂದ್ಸಲ ತೆಗಿ ಮಗ" ಎಂದರು.